ಬಿದ್ದ ಕಲ್ಲಿನ ತವರು: ಮಸ್ಸಾಲಿಯಾ ಎಂಬ ಕ್ಷುದ್ರಗ್ರಹ

1865ರ ಸೆಪ್ಟೆಂಬರ್ 21ರಂದು ಮದ್ದೂರಿನಲ್ಲಿ ಆಕಾಶದಿಂದ ಒಂದು ಕಲ್ಲು ಬಿತ್ತು. ಮೈಸೂರು ಸಂಸ್ಥಾನದ ಆಡಳಿತ ಆಗ ಬ್ರಿಟಿಷ್ ಕಮಿಷನರ ಕೈಯಲ್ಲಿತ್ತು. ಅಂದಿನ ಇಂಗ್ಲಿಷ್ ಕಾಗುಣಿತದಲ್ಲಿ ಊರಿನ ಹೆಸರು ‘ಮುಡ್ಡೂರ್’ ಎಂದಾಯಿತು. ಪ್ರಪಂಚದ ಉಲ್ಕಾಶಿಲೆಗಳ ಅಧಿಕೃತ ಪಟ್ಟಿಯಲ್ಲಿ ಇಂದಿಗೂ ಅದು ಹಾಗೆಯೇ ಉಳಿದಿದೆ. ಹೆಸರಿನ ಎದುರಿಗೆ ತೂಕ ಸುಮಾರು 4.4 ಕಿಲೋಗ್ರಾಂ ಎಂದೂ ವರ್ಗ ‘ಎಲ್5’ ಎಂದೂ ನಮೂದಾಗಿದೆ. ಅದರ ಮರುವರ್ಷ, 1866ರಲ್ಲಿ, ಉಡುಪಿಯಲ್ಲಿ ಇನ್ನೊಂದು ಕಲ್ಲು ಬಿತ್ತು. ಅದರ ವರ್ಗ ‘ಎಚ್5’. ಬೆಂಗಳೂರಿನಿಂದ ಮೈಸೂರಿಗೆ ಹೋಗುವಾಗ ನಾವೆಲ್ಲ ಎಷ್ಟೋ ಸಲ ಮದ್ದೂರನ್ನು ದಾಟಿದ್ದೇವೆ. ಆ ಊರಿಗೆ ಬಂದ ಕಲ್ಲು ಎಲ್ಲಿಂದ ಹೊರಟಿತು ಎಂಬ ಒಂದೇ ಪ್ರಶ್ನೆಯನ್ನು ಹಿಡಿದು ಇಂದು ನಿಮ್ಮ ಮುಂದೆ ಮಾತನಾಡುತ್ತೇನೆ. ನದಿಮೂಲ, ಋಷಿಮೂಲಗಳನ್ನು ಹುಡುಕಬಾರದು ಎಂದು ಹಿರಿಯರು ಹೇಳಿದ್ದಾರೆ. ಕಲ್ಲಿನ ಮೂಲದ ಬಗ್ಗೆ ಅವರು ಹಾಗೇನೂ ಹೇಳಿಲ್ಲ.

ಮೊದಲು ಕಲ್ಲಿನ ಪರಿಚಯ ಆಗಲಿ. ಬೀಳುವ ಉಲ್ಕಾಶಿಲೆಗಳಲ್ಲಿ ಅತಿ ಹೆಚ್ಚಿನವು ‘ಸಾಮಾನ್ಯ ಕಾಂಡ್ರೈಟ್’ ಎಂಬ ಗುಂಪಿಗೆ ಸೇರುತ್ತವೆ. ಇಂಥ ಒಂದು ಕಲ್ಲನ್ನು ಕೊಯ್ದು ಹೊಳಪು ಕೊಟ್ಟು ನೋಡಿದರೆ ಬೂದು ಬಣ್ಣದ ಹಿನ್ನೆಲೆಯಲ್ಲಿ ಸಾಸಿವೆ ಕಾಳಿನಷ್ಟು, ಕೆಲವೊಮ್ಮೆ ಅದಕ್ಕಿಂತಲೂ ಚಿಕ್ಕದಾದ ಗುಂಡನೆಯ ಕಣಗಳೂ, ಅಲ್ಲಲ್ಲಿ ಮಿನುಗುವ ಕಬ್ಬಿಣದ ಚುಕ್ಕೆಗಳೂ ಕಾಣುತ್ತವೆ. ಆ ಗುಂಡುಕಣಗಳಿಗೆ ಕಾಂಡ್ರೂಲ್ ಎಂದು ಹೆಸರು. ಗ್ರಹಗಳು ಇನ್ನೂ ರೂಪುಗೊಳ್ಳದಿದ್ದ ಕಾಲದಲ್ಲಿ, ಎಳೆಯ ಸೂರ್ಯನ ಸುತ್ತ ತೇಲುತ್ತಿದ್ದ ದೂಳು ಕರಗಿ ಹನಿಯಾಗಿ ಮತ್ತೆ ಗಟ್ಟಿಯಾದ ಗುರುತುಗಳು ಅವು. ಅವುಗಳ ವಯಸ್ಸು ಸುಮಾರು 456 ಕೋಟಿ ವರ್ಷ. ಬೆಂಗಳೂರಿನ ಲಾಲ್‌ಬಾಗ್ ಬಂಡೆಯ ಮೇಲೆ ನಿಂತು ಅದರ ವಯಸ್ಸು ಸುಮಾರು 300 ಕೋಟಿ ವರ್ಷ ಎಂಬ ಫಲಕ ಓದಿ ಬೆರಗಾದವರು ಇಲ್ಲಿ ಅನೇಕರಿದ್ದೀರಿ. ಮದ್ದೂರಿನ ಕಲ್ಲು ಆ ಬಂಡೆಗಿಂತ ನೂರೈವತ್ತು ಕೋಟಿ ವರ್ಷ ಹಿರಿಯದು.

ಸಾಮಾನ್ಯ ಕಾಂಡ್ರೈಟ್‌ಗಳಲ್ಲಿ ಮೂರು ಬಗೆಗಳಿವೆ. ಕಬ್ಬಿಣ ಹೆಚ್ಚಿರುವುದು ಎಚ್, ಕಡಿಮೆ ಇರುವುದು ಎಲ್, ಒಟ್ಟು ಕಬ್ಬಿಣವೂ ಕಡಿಮೆಯಾಗಿ ಲೋಹರೂಪದ ಕಬ್ಬಿಣ ಇನ್ನಷ್ಟು ಕಡಿಮೆ ಇರುವುದು ಎಲ್‌ಎಲ್. ಅಕ್ಷರದ ಪಕ್ಕದ ಅಂಕಿ ಆ ಕಲ್ಲು ತನ್ನ ಮೂಲಕಾಯದ ಒಳಗಿದ್ದಾಗ ಎಷ್ಟು ಬಿಸಿಯಾಗಿತ್ತು ಎಂಬುದನ್ನು ಹೇಳುತ್ತದೆ. 3 ಎಂದರೆ ಹೆಚ್ಚು ಬೇಯದ ಕಲ್ಲು, ಅದರಲ್ಲಿ ಗುಂಡುಕಣಗಳ ಅಂಚು ಸ್ಪಷ್ಟವಾಗಿರುತ್ತದೆ. 5 ಮತ್ತು 6ಕ್ಕೆ ಬಂದಾಗ ಅಂಚುಗಳು ಮಸುಕಾಗಿ ಸುತ್ತಲಿನ ಕಲ್ಲಿನೊಳಗೆ ಬೆರೆತಿರುತ್ತವೆ. ಎಂದ ಮೇಲೆ ಎಲ್5 ಎಂಬ ಮೂರಕ್ಷರದಲ್ಲಿ ಈಗಾಗಲೇ ಒಂದಿಷ್ಟು ಚರಿತ್ರೆ ಇದೆ: ಈ ಕಲ್ಲು ಎಂದೋ ಒಂದು ದೊಡ್ಡ ಕಾಯದ ಒಳಭಾಗದಲ್ಲಿತ್ತು, ಅಲ್ಲಿ ನೂರಾರು ಡಿಗ್ರಿ ಶಾಖದಲ್ಲಿ ಲಕ್ಷಾಂತರ ವರ್ಷ ಬೆಂದಿತು, ಆದರೆ ಕರಗಲಿಲ್ಲ. ಅಷ್ಟು ಕಾಲ ಶಾಖವನ್ನು ಹಿಡಿದಿಟ್ಟುಕೊಳ್ಳಬೇಕಾದರೆ ಆ ಕಾಯ ಹತ್ತಾರು ಕಿಲೋಮೀಟರಿಗಿಂತ ದೊಡ್ಡದಿರಬೇಕು.

ಆಕಾಶದಿಂದ ಕಲ್ಲು ಬೀಳುತ್ತದೆ ಎಂಬುದನ್ನು ಯೂರೋಪಿನ ವಿದ್ವಾಂಸರು ಒಪ್ಪಿದ್ದು ತೀರ ಈಚೆಗೆ. 1798ರ ಡಿಸೆಂಬರಿನಲ್ಲಿ ಕಾಶಿಯ ಬಳಿ ಬಿದ್ದ ಕಲ್ಲುಗಳನ್ನು ಲಂಡನ್ನಿನಲ್ಲಿ ಎಡ್ವರ್ಡ್ ಹೋವರ್ಡ್ ರಾಸಾಯನಿಕವಾಗಿ ಪರೀಕ್ಷಿಸಿ, ಬೇರೆ ಬೇರೆ ದೇಶಗಳಲ್ಲಿ ಬಿದ್ದ ಕಲ್ಲುಗಳು ತಮ್ಮತಮ್ಮಲ್ಲಿ ಹೋಲುತ್ತವೆ, ಬಿದ್ದ ನೆಲದ ಕಲ್ಲುಗಳನ್ನು ಹೋಲುವುದಿಲ್ಲ ಎಂದು 1802ರಲ್ಲಿ ತೋರಿಸಿದರು. ಮರುವರ್ಷ ಏಪ್ರಿಲ್ 26ರಂದು ಫ್ರಾನ್ಸಿನ ಲೆಗ್ಲ್ ಎಂಬಲ್ಲಿ ಸಾವಿರಾರು ಕಲ್ಲುಗಳು ಸುರಿದಾಗ ಝಾನ್ ಬಾಪ್ತಿಸ್ತ್ ಬಿಯೊ ಹಳ್ಳಿಯಿಂದ ಹಳ್ಳಿಗೆ ಹೋಗಿ, ಕಂಡವರ ಮಾತು ಕೇಳಿ, ಕಲ್ಲುಗಳು ಬಿದ್ದ ಜಾಗಗಳನ್ನು ಗುರುತಿಸಿ ಬರೆದ ವರದಿಯ ನಂತರ ವಿವಾದ ಉಳಿಯಲಿಲ್ಲ. ಹಳ್ಳಿಯ ಜನ ಕಂಡದ್ದನ್ನು ಕಂಡ ಹಾಗೆ ಹೇಳಿದ್ದರು, ಅದನ್ನು ನಂಬಲು ಪಂಡಿತರಿಗೆ ಕಾಲ ಹಿಡಿಯಿತು ಎಂಬುದು ಈ ಪ್ರಸಂಗದಲ್ಲಿ ನನಗೆ ಮುಖ್ಯವಾಗಿ ಕಾಣುತ್ತದೆ. ಲೆಗ್ಲ್ ಕಲ್ಲು ಕೂಡ ಎಲ್ ವರ್ಗದ್ದೇ, ಮದ್ದೂರಿನ ಕಲ್ಲಿನ ದಾಯಾದಿ.

ಬೀಳುತ್ತದೆ ಎಂಬುದು ತೀರ್ಮಾನವಾದರೂ ಎಲ್ಲಿಂದ ಎಂಬುದು ಇತ್ಯರ್ಥವಾಗಲು ಇನ್ನೂರು ವರ್ಷ ಬೇಕಾಯಿತು. ಮಂಗಳ ಮತ್ತು ಗುರುಗ್ರಹಗಳ ನಡುವಿನ ಕ್ಷುದ್ರಗ್ರಹ ಪಟ್ಟಿಯಿಂದ ಎಂಬ ಸಾಮಾನ್ಯ ಉತ್ತರ ಬಹಳ ಹಿಂದೆಯೇ ಸಿಕ್ಕಿತ್ತು. ಆದರೆ ಅದು ‘ಕರ್ನಾಟಕದವರು’ ಎಂದಷ್ಟೇ ಹೇಳಿ ಊರು, ಮನೆತನ ಹೇಳದೆ ಬಿಟ್ಟ ಹಾಗೆ. ಚಂದ್ರ, ಮಂಗಳ ಮತ್ತು ವೆಸ್ಟಾ ಎಂಬ ದೊಡ್ಡ ಕ್ಷುದ್ರಗ್ರಹ, ಇವುಗಳಿಂದ ಬಂದವೆಂದು ಖಚಿತವಾಗಿ ಗುರುತಿಸಿದ್ದ ಉಲ್ಕಾಶಿಲೆಗಳು 2024ರವರೆಗೆ ಒಟ್ಟಿನಲ್ಲಿ ಶೇಕಡಾ 6ರಷ್ಟು ಮಾತ್ರ. ಅತಿ ಹೆಚ್ಚು ಬೀಳುವ ಕಲ್ಲಿಗೇ ತವರು ಗೊತ್ತಿರಲಿಲ್ಲ. ಈಗ ಎಲ್ ವರ್ಗಕ್ಕೆ ದೊರೆತಿರುವ ತವರಿನ ಹೆಸರು ಮಸ್ಸಾಲಿಯಾ.

ಮಸ್ಸಾಲಿಯಾ ಕಂಡುಬಂದ 20ನೆಯ ಕ್ಷುದ್ರಗ್ರಹ. 1852ರ ಸೆಪ್ಟೆಂಬರ್ 19ರ ರಾತ್ರಿ ಇಟಲಿಯ ನೇಪಲ್ಸ್ ನಗರದ ಕಾಪೊದಿಮೊಂತೆ ವೀಕ್ಷಣಾಲಯದಲ್ಲಿ ಆನಿಬಾಲೆ ದೆ ಗಾಸ್ಪಾರಿಸ್ ಅದನ್ನು ಗುರುತಿಸಿದರು. ಮಾರನೆಯ ರಾತ್ರಿ ಫ್ರಾನ್ಸಿನ ಮಾರ್ಸೇ ನಗರದಲ್ಲಿ ಝಾನ್ ಶಾಕೊರ್ನಾಕ್ ಸ್ವತಂತ್ರವಾಗಿ ಅದೇ ಕಾಯವನ್ನು ಕಂಡರು. ಹೊಸ ಕ್ಷುದ್ರಗ್ರಹಗಳಿಗೆ ಗ್ರೀಕ್, ರೋಮನ್ ದೇವತೆಗಳ ಹೆಸರಿಡುವ ವಾಡಿಕೆ ಇದ್ದ ಕಾಲ ಅದು. ಪುರಾಣದಿಂದ ಬಾರದ ಹೆಸರು ಮೊದಲು ಸಿಕ್ಕಿದ್ದು ಇದಕ್ಕೆ. ಕ್ರಿಸ್ತಪೂರ್ವ 600ರ ಸುಮಾರಿನಲ್ಲಿ ಗ್ರೀಕರು ಮೆಡಿಟರೇನಿಯನ್ ಕರಾವಳಿಯಲ್ಲಿ ಕಟ್ಟಿದ ಪಟ್ಟಣಕ್ಕೆ ಮಸ್ಸಾಲಿಯಾ ಎಂದು ಹೆಸರಿತ್ತು. ಇಂದಿನ ಮಾರ್ಸೇ ಅದೇ ಊರು. ಹೀಗೆ ನೇಪಲ್ಸಿನವರು ಒಂದು ರಾತ್ರಿ ಮುಂಚೆ ಕಂಡ ಕಾಯ ಮಾರ್ಸೇ ಹೆಸರನ್ನು ಹೊತ್ತಿತು. ಆ ಹೆಸರಿಗೆ ಇನ್ನೊಂದು ನಂಟು ಮುಂದೆ ಬರುತ್ತದೆ, ನೆನಪಿನಲ್ಲಿಡಿ.

ಇಲ್ಲಿ ನಮ್ಮ ದಕ್ಷಿಣದ ಒಂದು ಮಾತನ್ನೂ ಸೇರಿಸಬೇಕು. ಮದ್ದೂರಿನಲ್ಲಿ ಕಲ್ಲು ಬಿದ್ದ ಆ ವರ್ಷಗಳಲ್ಲಿ ಮದರಾಸಿನ ವೀಕ್ಷಣಾಲಯದಲ್ಲಿ ನಾರ್ಮನ್ ಪಾಗ್ಸನ್ ರಾತ್ರಿ ರಾತ್ರಿ ಕ್ಷುದ್ರಗ್ರಹಗಳನ್ನು ಹುಡುಕುತ್ತಿದ್ದರು. 1861ರ ಏಪ್ರಿಲ್ 17ರಂದು ಅವರು ಕಂಡ ಕಾಯಕ್ಕೆ, ಏಷ್ಯಾ ಖಂಡದಿಂದ ಕಂಡ ಮೊದಲನೆಯದಾದ್ದರಿಂದ, ‘ಏಷ್ಯಾ’ ಎಂದೇ ಹೆಸರಾಯಿತು. 1864ರಲ್ಲಿ ಸ್ಯಾಫೊ, 1866ರಲ್ಲಿ ಸಿಲ್ವಿಯಾ. ಏಷ್ಯಾ ಮತ್ತು ಸ್ಯಾಫೊ ಎರಡೂ ಮಸ್ಸಾಲಿಯಾದಂತೆ ಪಟ್ಟಿಯ ಒಳಭಾಗದ ಶಿಲಾಮಯ ಕ್ಷುದ್ರಗ್ರಹಗಳು. ಆ ವೀಕ್ಷಣಾಲಯದ ಪರಂಪರೆಯೇ ಕೊಡೈಕೆನಾಲ್ ದಾಟಿ ಇಂದು ಬೆಂಗಳೂರಿನ ಭಾರತೀಯ ಖಗೋಳಭೌತ ಸಂಸ್ಥೆಯಲ್ಲಿ ಮುಂದುವರಿದಿದೆ. ಪಾಗ್ಸನ್ ದೂರದರ್ಶಕದಲ್ಲಿ ಚುಕ್ಕೆಯಾಗಿ ನೋಡುತ್ತಿದ್ದ ಜಾತಿಯ ಕಾಯದ ಒಂದು ಚೂರು ಅದೇ ಹೊತ್ತಿಗೆ ಶಿಂಷಾ ತೀರದ ಊರಿಗೆ ತಾನಾಗಿ ಬಂದಿಳಿದಿತ್ತು ಎಂಬುದನ್ನು ಯೋಚಿಸಿದಾಗಲೆಲ್ಲ ನನಗೆ ಮೈ ನವಿರೇಳುತ್ತದೆ.

ಭೂಮಿಯಿಂದ ಸೂರ್ಯನಿಗಿರುವ ಸರಾಸರಿ ದೂರವನ್ನು, ಅಂದರೆ ಸುಮಾರು 15 ಕೋಟಿ ಕಿಲೋಮೀಟರನ್ನು, 1 ಖಗೋಳಮಾನ ಎನ್ನುತ್ತೇವೆ. ಮಸ್ಸಾಲಿಯಾ ಸೂರ್ಯನಿಂದ ಸರಾಸರಿ 2.41 ಖಗೋಳಮಾನ ದೂರದಲ್ಲಿದ್ದು, ಒಂದು ಸುತ್ತಿಗೆ 3.74 ವರ್ಷ ತೆಗೆದುಕೊಳ್ಳುತ್ತದೆ. ತನ್ನ ಅಕ್ಷದ ಮೇಲೆ ಒಂದು ಸಲ ತಿರುಗಲು ಅದಕ್ಕೆ 8 ಗಂಟೆಗಿಂತ ತುಸು ಹೆಚ್ಚು ಸಾಕು. ಅಡ್ಡಳತೆ ಸುಮಾರು 140 ಕಿಲೋಮೀಟರು, ಹೆಚ್ಚುಕಡಿಮೆ ಬೆಂಗಳೂರಿನಿಂದ ಮೈಸೂರಿಗಿರುವ ದೂರ. ಅದರ ಮೇಲಿಂದ ಒಂದು ಕಲ್ಲು ಸೆಕೆಂಡಿಗೆ ನೂರು ಮೀಟರಿನ ಆಸುಪಾಸಿನ ವೇಗದಲ್ಲಿ ಚಿಮ್ಮಿದರೆ ಮತ್ತೆ ಕೆಳಗೆ ಬೀಳದೆ ಹೊರಟುಹೋಗುತ್ತದೆ. ಭೂಮಿಯಿಂದ ಹಾಗೆ ಪಾರಾಗಲು ಸೆಕೆಂಡಿಗೆ 11 ಕಿಲೋಮೀಟರು ಬೇಕು. ಡಿಕ್ಕಿ ಹೊಡೆದಾಗ ಎದ್ದ ಚೆಕ್ಕೆಗಳು ಮಸ್ಸಾಲಿಯಾದಿಂದ ಸುಲಭವಾಗಿ ಕಳಚಿಕೊಂಡು ಹೋಗುವುದು ಈ ಕಾರಣಕ್ಕೆ. ಹಾಗೆ ಕಳಚಿಕೊಂಡು, ಇಂದಿಗೂ ಅದರ ಆಸುಪಾಸಿನ ಕಕ್ಷೆಗಳಲ್ಲೇ ಸುತ್ತುತ್ತಿರುವ 6,000ಕ್ಕೂ ಹೆಚ್ಚು ಚಿಕ್ಕ ಕಾಯಗಳನ್ನು ಗುರುತಿಸಲಾಗಿದೆ. ಅವಕ್ಕೆ ಮಸ್ಸಾಲಿಯಾ ಕುಟುಂಬ ಎಂದು ಹೆಸರು. ತಾಯಿ ಮಾತ್ರ ಒಡೆದು ಹೋಳಾಗಿಲ್ಲ. ಕುಟುಂಬದ ಒಟ್ಟು ದ್ರವ್ಯದ ಬಹುಪಾಲು ಈಗಲೂ ಅದರಲ್ಲೇ ಇದೆ.

ಅಷ್ಟು ದೂರದ ಚುಕ್ಕೆ ಕಲ್ಲಿನದು ಎಂದು ಹೇಗೆ ತಿಳಿಯಿತು? ಮಸ್ಸಾಲಿಯಾ ಬಳಿಗೆ ಯಾವ ನೌಕೆಯೂ ಹೋಗಿಲ್ಲ. ನಮಗೆ ಸಿಗುವುದು ಅದರ ಮೇಲೆ ಬಿದ್ದು ಮರಳಿ ಬಂದ ಬಿಸಿಲು ಮಾತ್ರ. ಆ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿ ರೋಹಿತವಾಗಿ ನೋಡಿದರೆ, ಕಣ್ಣಿಗೆ ಕಾಣುವ ಕೆಂಪಿನಾಚೆಯ ಎರಡು ಕಡೆ, 1 ಮೈಕ್ರೋಮೀಟರ್ ಮತ್ತು 2 ಮೈಕ್ರೋಮೀಟರ್ ಅಲೆಯುದ್ದದ ಹತ್ತಿರ, ಬೆಳಕು ತಗ್ಗಿರುತ್ತದೆ. ಆಲಿವೀನ್ ಮತ್ತು ಪೈರಾಕ್ಸೀನ್ ಎಂಬ ಖನಿಜಗಳು ಹೀರಿಕೊಂಡ ಬೆಳಕು ಅದು. ಕಾಂಡ್ರೈಟ್ ಕಲ್ಲುಗಳ ಬಹುಪಾಲು ಈ ಎರಡು ಖನಿಜಗಳೇ. ಎಚ್‌ನಿಂದ ಎಲ್‌ಗೆ, ಅಲ್ಲಿಂದ ಎಲ್‌ಎಲ್‌ಗೆ ಹೋದಂತೆ ಪೈರಾಕ್ಸೀನ್ ಕಡಿಮೆಯಾಗಿ ಆಲಿವೀನ್ ಹೆಚ್ಚುತ್ತದೆ, ಆ ತಗ್ಗುಗಳ ಆಕಾರವೂ ಅದಕ್ಕೆ ತಕ್ಕಂತೆ ಬದಲಾಗುತ್ತದೆ. ಎಂದರೆ ರೋಹಿತವನ್ನು ಜಾಗ್ರತೆಯಿಂದ ಓದಿದರೆ ಕ್ಷುದ್ರಗ್ರಹ ಮೂರರಲ್ಲಿ ಯಾವ ಬಗೆಯದು ಎಂದು ಹೇಳಬಹುದು.

ಆದರೆ ಇಲ್ಲೊಂದು ತೊಡಕು ಬಹಳ ಕಾಲ ಕಾಡಿತು. ಶಿಲಾಮಯ ಕ್ಷುದ್ರಗ್ರಹಗಳ ಬಣ್ಣ ಪ್ರಯೋಗಾಲಯದಲ್ಲಿರುವ ಕಾಂಡ್ರೈಟ್‌ಗಳಿಗಿಂತ ಹೆಚ್ಚು ಕೆಂಪು. ಎರಡೂ ಒಂದೇ ಎಂದರೆ ಬಣ್ಣ ಏಕೆ ಹೊಂದುವುದಿಲ್ಲ? ಸೌರಮಾರುತದ ಕಣಗಳೂ ಸೂಕ್ಷ್ಮ ಉಲ್ಕೆಗಳೂ ಮೇಲ್ಮೈಯನ್ನು ನಿರಂತರವಾಗಿ ಬಡಿಯುವುದರಿಂದ ಖನಿಜದ ಕಣಗಳ ಮೇಲೆ ಅತಿ ಸಣ್ಣ ಕಬ್ಬಿಣದ ಲೇಪ ಕೂಡುತ್ತದೆ, ಅದರಿಂದ ಕೆಂಪು ಹೆಚ್ಚುತ್ತದೆ ಎಂಬ ವಿವರಣೆ ಇತ್ತು. ಕೈಗೆ ಸಾಕ್ಷ್ಯ ಇರಲಿಲ್ಲ. ಜಪಾನಿನ ಹಯಬುಸಾ ನೌಕೆ 2005ರಲ್ಲಿ ಇತೊಕಾವಾ ಎಂಬ ಪುಟ್ಟ ಶಿಲಾಮಯ ಕ್ಷುದ್ರಗ್ರಹದ ಮೇಲೆ ಇಳಿದು, 2010ರ ಜೂನ್‌ನಲ್ಲಿ ಅಲ್ಲಿನ ಸಾವಿರಕ್ಕೂ ಹೆಚ್ಚು ಸೂಕ್ಷ್ಮ ಕಣಗಳನ್ನು ತಂದಿಳಿಸಿತು. ಕಣಗಳ ಒಳಗೆ ಎಲ್‌ಎಲ್ ಕಾಂಡ್ರೈಟ್, ಹೊರಮೈಯಲ್ಲಿ ಆ ಕಬ್ಬಿಣದ ಲೇಪ. ಬಿದ್ದ ಕಲ್ಲುಗಳೂ ಆಕಾಶದ ಶಿಲಾಮಯ ಕಾಯಗಳೂ ಒಂದೇ ವಂಶದವು ಎಂಬುದು ಅಲ್ಲಿಗೆ ಖಚಿತವಾಯಿತು.

ಇನ್ನು ಕಥೆಯ ನಡುಭಾಗ, ನನ್ನ ಮಟ್ಟಿಗೆ ಅತ್ಯಂತ ಸೊಗಸಾದ ಭಾಗ, ನಡೆಯುವುದು ಸ್ವೀಡನ್ನಿನ ಒಂದು ಕಲ್ಲುಕ್ವಾರಿಯಲ್ಲಿ. ವೇನೆರ್ನ್ ಸರೋವರದ ದಂಡೆಯ ಕಿನ್ನೆಕುಲ್ಲೆ ಬೆಟ್ಟದಲ್ಲಿ ಥೋರ್ಸ್‌ಬೆರಿ ಎಂಬ ಕ್ವಾರಿ ಇದೆ. ನೆಲಕ್ಕೆ ಹಾಸುವ ಸುಣ್ಣಕಲ್ಲಿನ ಚಪ್ಪಡಿಗಳನ್ನು ಅಲ್ಲಿ ಕೊಯ್ಯುತ್ತಾರೆ. ಆ ಸುಣ್ಣಕಲ್ಲು ಆರ್ಡೊವಿಶಿಯನ್ ಯುಗದ ಕಡಲ ತಳದಲ್ಲಿ ಪದರಪದರವಾಗಿ ಕೂತದ್ದು. ಚಪ್ಪಡಿಗಳ ನಡುವೆ ಆಗಾಗ ಕಪ್ಪು ಕಲೆಯ ಸುತ್ತ ಬಿಳಚಿಕೊಂಡ ಉಂಗುರವಿರುವ ತುಂಡು ಸಿಗುತ್ತಿತ್ತು. ಗಿರಾಕಿಗೆ ಬೇಡವಾದ ಕಲ್ಲು ಎಂದು ಕೆಲಸಗಾರರು ಅವನ್ನು ಬದಿಗೆ ಹಾಕುತ್ತಿದ್ದರು. ಲುಂಡ್ ವಿಶ್ವವಿದ್ಯಾಲಯದ ಬಿರ್ಯೆರ್ ಸ್ಮಿಟ್ಸ್ ಮತ್ತು ಅವರ ಸಂಗಡಿಗರು 1990ರ ದಶಕದಿಂದ ಆ ಕಲೆಗಳನ್ನು ಪರೀಕ್ಷಿಸುತ್ತಾ ಬಂದರು. ಆ ಕಲೆಗಳು ಕಡಲಿಗೆ ಬಿದ್ದು, ತಳ ಸೇರಿ, ಕೆಸರಿನಲ್ಲಿ ಹೂತು ಪಳೆಯುಳಿಕೆಯಾದ ಉಲ್ಕಾಶಿಲೆಗಳು. ಒಂದೇ ಕ್ವಾರಿಯಲ್ಲಿ ನೂರಕ್ಕೂ ಹೆಚ್ಚು ಸಿಕ್ಕಿವೆ.

ಕೋಟ್ಯಂತರ ವರ್ಷ ನೀರಿನಲ್ಲಿ ನೆನೆದ ಕಲ್ಲಿನಲ್ಲಿ ಮೂಲ ಖನಿಜಗಳೆಲ್ಲ ಬದಲಾಗಿಹೋಗಿರುತ್ತವೆ. ಉಳಿಯುವುದು ಕ್ರೋಮೈಟ್ ಒಂದೇ, ನಮ್ಮ ಹಾಸನ ಜಿಲ್ಲೆಯ ಬೈರಾಪುರದ ಗಣಿಯಿಂದ ತೆಗೆಯುತ್ತಿದ್ದ ಖನಿಜವೇ ಅದು. ಆ ಹಟಮಾರಿ ಕಣಗಳ ರಾಸಾಯನಿಕ ರಚನೆಯನ್ನು ನೋಡಿದಾಗ ಗೊತ್ತಾದದ್ದು: ಒಂದೇ ಒಂದನ್ನು ಬಿಟ್ಟು ಹೆಚ್ಚುಕಡಿಮೆ ಎಲ್ಲ ಕಲ್ಲುಗಳೂ ಎಲ್ ವರ್ಗಕ್ಕೆ ಹೊಂದುತ್ತವೆ. ಕಲ್ಲುಗಳು ಮಾತ್ರವಲ್ಲದೆ ಅದೇ ಪದರಗಳಲ್ಲಿ ಅಂಥದೇ ಕ್ರೋಮೈಟ್ ಇರುವ ಆಕಾಶದೂಳೂ ಒಮ್ಮೆಗೇ ಹೆಚ್ಚಿದೆ. ಸುಮಾರು 46.6 ಕೋಟಿ ವರ್ಷಗಳ ಹಿಂದೆ ಭೂಮಿಯ ಮೇಲೆ ಎಲ್ ಕಲ್ಲುಗಳ ಮಳೆಯೇ ಸುರಿದಿತ್ತು, ಇಂದು ಬೀಳುವುದಕ್ಕಿಂತ ಹತ್ತಾರು ಪಟ್ಟು, ಬಹುಶಃ ನೂರು ಪಟ್ಟು ಹೆಚ್ಚಾಗಿ. ನೆಲದ ಮೇಲೆ ಇನ್ನೂ ಕಾಡುಗಳಿಲ್ಲದ, ಜೀವವೆಲ್ಲ ಕಡಲಿನಲ್ಲೇ ತುಂಬಿದ್ದ ಕಾಲ ಅದು.

ಇದಕ್ಕೆ ಸಂಬಂಧವೇ ಇಲ್ಲದ ಇನ್ನೊಂದು ಗಡಿಯಾರ ಅದೇ ಹೊತ್ತನ್ನು ಹೇಳುತ್ತದೆ. ಕಲ್ಲಿನಲ್ಲಿರುವ ವಿಕಿರಣಶೀಲ ಪೊಟ್ಯಾಸಿಯಂ ನಿಧಾನವಾಗಿ ಆರ್ಗಾನ್ ಅನಿಲವಾಗಿ ಬದಲಾಗಿ ಕಲ್ಲಿನೊಳಗೇ ಸಿಕ್ಕಿಕೊಳ್ಳುತ್ತದೆ. ಭಾರಿ ಡಿಕ್ಕಿಯ ಶಾಖಕ್ಕೆ ಸಿಲುಕಿದರೆ ಅನಿಲ ಹೊರಟುಹೋಗಿ ಗಡಿಯಾರ ಮತ್ತೆ ಸೊನ್ನೆಯಿಂದ ಶುರುವಾಗುತ್ತದೆ. ಈ ಕಾಲದಲ್ಲಿ ಬಿದ್ದ, ವಸ್ತುಸಂಗ್ರಹಾಲಯಗಳ ಗಾಜಿನ ಪೆಟ್ಟಿಗೆಗಳಲ್ಲಿರುವ ಎಲ್ ಕಲ್ಲುಗಳಲ್ಲಿ ಅನೇಕವು ತೋರಿಸುವ ಸಮಯ ಸುಮಾರು 47 ಕೋಟಿ ವರ್ಷ. ಸ್ವೀಡನ್ನಿನ ಕೆಸರಿನ ಪದರ ಒಂದು ಕಡೆ, ಪ್ರಯೋಗಾಲಯದ ಅನಿಲದ ಅಳತೆ ಇನ್ನೊಂದು ಕಡೆ, ಇವೆರಡೂ ಒಂದೇ ಘಟನೆಯತ್ತ ಬೆರಳು ಮಾಡುತ್ತವೆ: ಆಗ ಎಲ್ ಬಗೆಯ ದೊಡ್ಡ ಕಾಯವೊಂದಕ್ಕೆ ಬಲವಾದ ಪೆಟ್ಟು ಬಿತ್ತು.

ಯಾವ ಕಾಯ? ಮೊದಲು ಸಂಶಯ ಹೋದದ್ದು ಫ್ಲೋರಾ ಕುಟುಂಬದ ಮೇಲೆ. ಅದರ ರೋಹಿತ ಎಲ್‌ಗಿಂತ ಎಲ್‌ಎಲ್‌ಗೆ ಹತ್ತಿರ ಎಂದು ಆಮೇಲೆ ತಿಳಿಯಿತು. ಮುಂದೆ ಗೆಫಿಯಾನ್ ಎಂಬ ಕುಟುಂಬದ ಹೆಸರು ಬಂದು ಸುಮಾರು ಒಂದೂವರೆ ದಶಕ ಅದೇ ಉತ್ತರವಾಗಿ ನಿಂತಿತು. 2024ರ ಅಕ್ಟೋಬರಿನಲ್ಲಿ ನೇಚರ್ ಪತ್ರಿಕೆಯಲ್ಲಿ ಜೊತೆಜೊತೆಯಾಗಿ ಪ್ರಕಟವಾದ ಎರಡು ಪ್ರಬಂಧಗಳು ಆ ಉತ್ತರವನ್ನು ಬದಲಾಯಿಸಿದವು. ಒಂದರ ಮುಂದಾಳು ಮಿಶೆಲ್ ಮಾರ್ಸೆ, ಇನ್ನೊಂದರದು ಪ್ರಾಗ್ ನಗರದ ಮಿರೊಸ್ಲಾವ್ ಬ್ರೋಷ್. ಎರಡರಲ್ಲೂ ಮುಖ್ಯ ಪಾತ್ರ ವಹಿಸಿದ ಪಿಯೆರ್ ವೆರ್ನಾಝಾ ಕೆಲಸ ಮಾಡುವುದು ಮಾರ್ಸೇ ನಗರದ ಖಗೋಳಭೌತ ಪ್ರಯೋಗಾಲಯದಲ್ಲಿ. ಆಗ ನೆನಪಿನಲ್ಲಿಡಿ ಎಂದ ನಂಟು ಇದೇ: ಯಾವ ಊರಿನ ಪ್ರಾಚೀನ ಹೆಸರು ಆ ಕ್ಷುದ್ರಗ್ರಹಕ್ಕಿದೆಯೋ ಆ ಊರಿನಲ್ಲೇ, 172 ವರ್ಷಗಳ ನಂತರ, ಅದರ ಮಕ್ಕಳ ಗುರುತು ಸಿಕ್ಕಿತು.

ಅವರ ವಾದದ ತಿರುಳು ಕಕ್ಷೆಯ ಬಾಗಿನಲ್ಲಿದೆ. ಗ್ರಹಗಳೆಲ್ಲ ಹೆಚ್ಚುಕಡಿಮೆ ಒಂದೇ ತಟ್ಟೆಯಂಥ ತಲದಲ್ಲಿ ಸುತ್ತುತ್ತವೆ. ಕ್ಷುದ್ರಗ್ರಹಗಳ ಕಕ್ಷೆಗಳು ಆ ತಲಕ್ಕೆ ಒಂದಿಷ್ಟು ಬಾಗಿರುತ್ತವೆ. ಗ್ರಹಗಳ ಸೆಳೆತದಿಂದ ಆ ಬಾಗು ಕಾಲಕಾಲಕ್ಕೆ ಏರಿಳಿಯುತ್ತದೆ. ಏರಿಳಿತವನ್ನು ಕಳೆದು ತೆಗೆದ ಸ್ಥಿರವಾದ ಬೆಲೆ ಮಸ್ಸಾಲಿಯಾ ಕುಟುಂಬಕ್ಕೆ ಸುಮಾರು 1.4 ಡಿಗ್ರಿ, ಗೆಫಿಯಾನ್ ಕುಟುಂಬಕ್ಕೆ ಸುಮಾರು 9 ಡಿಗ್ರಿ. ಭೂಮಿಯ ಹತ್ತಿರ ಸುಳಿಯುವ, ಎಲ್ ಬಗೆಯ ರೋಹಿತವಿರುವ ಚಿಕ್ಕ ಕಾಯಗಳ ಬಾಗನ್ನು ನೋಡಿದರೆ ಅದು ತೀರ ಕಡಿಮೆ. ಅಷ್ಟೇ ಅಲ್ಲ, 1983ರಲ್ಲಿ ಐರಾಸ್ ಎಂಬ ಅವಕೆಂಪು ಉಪಗ್ರಹ ಸೌರವ್ಯೂಹದ ದೂಳಿನಲ್ಲಿ ಕೆಲವು ಪಟ್ಟೆಗಳನ್ನು ಕಂಡಿತ್ತು. ಕ್ಷುದ್ರಗ್ರಹಗಳು ಉಜ್ಜಿ ಒಡೆದಾಗ ಏಳುವ ದೂಳು ತನ್ನ ಮೂಲದ ಕಕ್ಷೆಯ ಬಾಗನ್ನು ಉಳಿಸಿಕೊಂಡು ಸುತ್ತುವುದರಿಂದ ಅಂಥ ಪಟ್ಟೆಗಳು ಮೂಡುತ್ತವೆ. ಅವುಗಳಲ್ಲೊಂದರ ಬಾಗು 1.4 ಡಿಗ್ರಿ. ಈ ದೂಳಿನ ಪಟ್ಟೆ ನನಗೆ ಎಲ್ಲಕ್ಕಿಂತ ಬಲವಾದ ಸಾಕ್ಷಿಯಾಗಿ ಕಾಣುತ್ತದೆ, ಏಕೆಂದರೆ ದೂಳು ಬಹುಕಾಲ ಉಳಿಯುವುದಿಲ್ಲ. ಸೂರ್ಯನ ಬೆಳಕಿನ ಪ್ರಭಾವದಿಂದ ಅದು ಬೇಗ ಒಳಕ್ಕೆ ಸುರುಳಿ ಸುತ್ತಿ ಹೋಗುತ್ತದೆ. ಈಗಲೂ ದೂಳು ಇದೆ ಎಂದರೆ ಈಗಲೂ ಅಲ್ಲಿ ಒಡೆಯುತ್ತಿರುವ ಚೂರುಗಳು ಹೇರಳವಾಗಿವೆ ಎಂದೇ ಅರ್ಥ.

ಆದರೂ ಒಂದು ಪ್ರಶ್ನೆ ಉಳಿಯುತ್ತದೆ. 47 ಕೋಟಿ ವರ್ಷದ ಹಿಂದಿನ ಪೆಟ್ಟಿನ ಚೂರುಗಳು 1865ರಲ್ಲಿ ಬೀಳುವುದೆಂದರೇನು? ಉತ್ತರ ಕಲ್ಲುಗಳಲ್ಲೇ ಇದೆ. ಬಾಹ್ಯಾಕಾಶದಲ್ಲಿ ವಿಶ್ವಕಿರಣಗಳು ಬಂಡೆಯೊಳಕ್ಕೆ ಹೆಚ್ಚೆಂದರೆ ಮೀಟರಿನಷ್ಟು ಹೊಕ್ಕು, ಅಲ್ಲಿನ ಪರಮಾಣುಗಳನ್ನು ಒಡೆದು ಹೀಲಿಯಂ, ನಿಯಾನ್ ಮುಂತಾದ ಅನಿಲಗಳ ವಿಶೇಷ ರೂಪಗಳನ್ನು ಉಂಟುಮಾಡುತ್ತವೆ. ದೊಡ್ಡ ಕಾಯದ ಆಳದಲ್ಲಿ ಹುದುಗಿರುವವರೆಗೆ ಕಲ್ಲಿಗೆ ಈ ಏಟು ತಗಲುವುದಿಲ್ಲ. ಸಣ್ಣ ಚೂರಾಗಿ ಹೊರಬಿದ್ದ ದಿನದಿಂದ ಲೆಕ್ಕ ಶುರು. ಎಲ್ ಕಲ್ಲುಗಳಲ್ಲಿ ಅನೇಕವು ಹೀಗೆ ಬಯಲಿನಲ್ಲಿ ಕಳೆದ ಕಾಲ ಸುಮಾರು 4 ಕೋಟಿ ವರ್ಷ. ಮಸ್ಸಾಲಿಯಾ ಕುಟುಂಬದ ಕಕ್ಷೆಗಳ ಹರಹನ್ನು ಲೆಕ್ಕ ಹಾಕಿದವರಿಗೂ ಎರಡು ಘಟನೆಗಳು ಕಂಡವು: ಒಂದು ಸುಮಾರು 45 ಕೋಟಿ ವರ್ಷ ಹಳೆಯದು, ಇನ್ನೊಂದು ಸುಮಾರು 4 ಕೋಟಿ ವರ್ಷದ್ದು. ಮೊದಲ ಪೆಟ್ಟಿನಲ್ಲಿ ಕಾದು ಗಡಿಯಾರ ಕಳೆದುಕೊಂಡ ಕಲ್ಲು ಎರಡನೆಯ ಪೆಟ್ಟಿನಲ್ಲಿ ಚೂರಾಗಿ ಹಾರಿತು. ನಮ್ಮ ಉತ್ತರ ಕರ್ನಾಟಕದ ಎರೆಮಣ್ಣಿಗೆ ಮೂಲವಾದ ಲಾವಾ 6.6 ಕೋಟಿ ವರ್ಷಗಳ ಹಿಂದೆ ಹರಿದದ್ದು. ಮದ್ದೂರಿನ ಕಲ್ಲಿನಂಥವು ತವರು ಬಿಟ್ಟಾಗ ಆ ಲಾವಾ ಆಗಲೇ ಆರಿ ಬಂಡೆಯಾಗಿತ್ತು, ಭಾರತದ ನೆಲ ಏಷ್ಯಾಕ್ಕೆ ತಾಗಿ ಹಿಮಾಲಯ ಏಳತೊಡಗಿತ್ತು.

ಹೊಸ ಪೆಟ್ಟಿಗೆ ಇಷ್ಟು ಮಹತ್ವ ಏಕೆ ಎಂಬುದನ್ನು ಜಲ್ಲಿಕ್ರಷರ್ ಇರುವ ಕ್ವಾರಿಯನ್ನು ಕಂಡವರು ಸುಲಭವಾಗಿ ಊಹಿಸಬಹುದು. ಬಂಡೆ ಸಿಡಿಸಿದ ದಿನ ಎಲ್ಲೆಲ್ಲೂ ಚೆಕ್ಕೆ, ಪುಡಿ, ದೂಳು. ಬಿಟ್ಟು ಹಲವು ವರ್ಷವಾದ ಕ್ವಾರಿಯಲ್ಲಿ ದೊಡ್ಡ ಬಂಡೆಗಳು ಬಿದ್ದಿರುತ್ತವೆಯೇ ಹೊರತು ದೂಳು ಇರುವುದಿಲ್ಲ. ಕ್ಷುದ್ರಗ್ರಹ ಕುಟುಂಬಗಳಲ್ಲೂ ಮೀಟರಿನ ಆಸುಪಾಸಿನ ಚೂರುಗಳು ಪರಸ್ಪರ ಡಿಕ್ಕಿಯಲ್ಲಿ ಬೇಗ ಸವೆದುಹೋಗುತ್ತವೆ. ಆದ್ದರಿಂದ ಫ್ಲೋರಾ, ವೆಸ್ಟಾಗಳ ಹಳೆಯ ದೊಡ್ಡ ಕುಟುಂಬಗಳಿಗಿಂತ ಎಳೆಯ ಸಣ್ಣ ಕುಟುಂಬಗಳಿಂದಲೇ ನಮಗೆ ಹೆಚ್ಚು ಕಲ್ಲು ಬರುತ್ತದೆ. ಉಡುಪಿಯ ಕಲ್ಲಿನ ಎಚ್ ವರ್ಗಕ್ಕೂ ಅದೇ ಪ್ರಬಂಧಗಳು ತವರು ಹೇಳಿವೆ: ಕೊರೋನಿಸ್-2 ಮತ್ತು ಕಾರಿನ್ ಎಂಬ ಕುಟುಂಬಗಳು, ಅವುಗಳ ವಯಸ್ಸು ಕೋಟಿ ವರ್ಷಕ್ಕಿಂತಲೂ ಕಡಿಮೆ. ಮಸ್ಸಾಲಿಯಾವೂ ಸೇರಿ ಈ ಮೂರು ಎಳೆಯ ಕುಟುಂಬಗಳಿಂದಲೇ ಬೀಳುವ ಕಲ್ಲುಗಳಲ್ಲಿ ಸುಮಾರು ಶೇಕಡಾ 70 ಬರುತ್ತವೆ.

ಚೂರಾದ ಕಲ್ಲು ಪಟ್ಟಿಯನ್ನು ಬಿಟ್ಟು ಹೊರಡುವ ದಾರಿಯನ್ನು ಚುಟುಕಾಗಿ ಹೇಳುತ್ತೇನೆ. ಇವಾನ್ ಯಾರ್ಕೋವ್‌ಸ್ಕಿ ಎಂಬ ಎಂಜಿನಿಯರ್ 1900ರ ಹೊತ್ತಿಗೆ ಒಂದು ಕಿರುಹೊತ್ತಿಗೆಯಲ್ಲಿ ಒಂದು ಯೋಚನೆ ಬರೆದರು. ತಿರುಗುತ್ತಿರುವ ಕಲ್ಲು ಬಿಸಿಲಿಗೆ ಕಾದು, ಮಧ್ಯಾಹ್ನ ಕಳೆದ ಮೇಲೆ ಆ ಶಾಖವನ್ನು ಹೊರಬಿಡುವಾಗ, ಹೊರಬಿಟ್ಟ ಶಾಖವೇ ಅದನ್ನು ಅತಿ ಮೆಲ್ಲಗೆ ತಳ್ಳುತ್ತದೆ. ಕಿರುಹೊತ್ತಿಗೆ ಕಳೆದುಹೋಯಿತು, ಎಳೆಯ ವಯಸ್ಸಿನಲ್ಲಿ ಅದನ್ನು ಓದಿದ್ದ ಎಸ್ಟೋನಿಯಾದ ಖಗೋಳಜ್ಞ ಅರ್ನ್ಸ್ಟ್ ಎಪಿಕ್ 1951ರಲ್ಲಿ ಬರಿಯ ನೆನಪಿನಿಂದ ಅದನ್ನು ಮತ್ತೆ ಬೆಳಕಿಗೆ ತಂದರು. 2003ರಲ್ಲಿ ಗೊಲೆವ್ಕಾ ಎಂಬ ಕ್ಷುದ್ರಗ್ರಹದಲ್ಲಿ ಆ ತಳ್ಳಾಟವನ್ನು ರಾಡಾರ್ ಮೂಲಕ ಅಳೆಯಲಾಯಿತು. ಕಲ್ಲು ಚಿಕ್ಕದಾದಷ್ಟೂ ಹೆಚ್ಚು ಜರುಗುತ್ತದೆ. ಹೀಗೆ ಜರುಗುತ್ತಾ ಮಸ್ಸಾಲಿಯಾದ ಚೂರುಗಳು ಸೂರ್ಯನಿಂದ 2.5 ಖಗೋಳಮಾನ ದೂರಕ್ಕೆ ಬಂದರೆ, ಅಲ್ಲಿ ಗುರುಗ್ರಹ ಒಂದು ಸುತ್ತು ಬರುವಷ್ಟರಲ್ಲಿ ಅವು ಸರಿಯಾಗಿ ಮೂರು ಸುತ್ತು ಬರುತ್ತವೆ. ಜೋಕಾಲಿಯನ್ನು ಹದವರಿತು ಹೊತ್ತುಹೊತ್ತಿಗೆ ತಳ್ಳಿದಂತೆ ಗುರುವಿನ ಸೆಳೆತ ಕೂಡುತ್ತಾ ಹೋಗಿ ಕಕ್ಷೆ ಉದ್ದವಾಗಿ, ಕೊನೆಗೆ ಭೂಮಿಯ ದಾರಿಗೆ ಅಡ್ಡ ಬರುತ್ತದೆ. ಆ ದೂರದಲ್ಲಿ ಕ್ಷುದ್ರಗ್ರಹಗಳು ಇಲ್ಲದಿರುವುದನ್ನು ಡೇನಿಯಲ್ ಕರ್ಕ್‌ವುಡ್ ಗಮನಿಸಿ ಹೇಳಿದ್ದು 1866ರಲ್ಲಿ, ಮದ್ದೂರಿನ ಕಲ್ಲು ಬಿದ್ದ ಮರುವರ್ಷ.

ಒಂದು ಎಚ್ಚರಿಕೆಯ ಮಾತು. ಮದ್ದೂರಿನ ಕಲ್ಲಿಗೆ ಜನನಪತ್ರ ಸಿಕ್ಕಿತೆಂದು ನಾನು ಹೇಳುತ್ತಿಲ್ಲ. ಮೇಲಿನ ವಾದ ಎಲ್ ವರ್ಗದ ಬಗ್ಗೆ. ಒಂದು ನಿರ್ದಿಷ್ಟ ಕಲ್ಲು ಅಲ್ಲಿಂದಲೇ ಬಂದದ್ದು ಎನ್ನಲು ಅದರ ಆರ್ಗಾನ್, ನಿಯಾನ್‌ಗಳ ಲೆಕ್ಕವನ್ನೂ ನೋಡಬೇಕು, ಬಿದ್ದಾಗಿನ ದಾರಿಯೂ ಗೊತ್ತಿರಬೇಕು. 1865ರಲ್ಲಿ ಆಕಾಶದ ಬೆಂಕಿಗೆರೆಯನ್ನು ಹಿಡಿಯುವ ಕ್ಯಾಮೆರಾ ಇರಲಿಲ್ಲ. ಎಲ್ ಎಂಬ ವರ್ಗ ಅದಕ್ಕಿದೆ, ಆ ವರ್ಗದ ಬಹುಪಾಲಿಗೆ ತವರು ಮಸ್ಸಾಲಿಯಾ ಎಂಬುದು ಈಗ ನಮಗಿರುವ ಅತ್ಯುತ್ತಮ ಉತ್ತರ. ನನಗೆ ಅಷ್ಟರಿಂದಲೇ ತೃಪ್ತಿಯಿದೆ.

ಮಾತು ಮುಗಿದ ಮೇಲೆ ವಿದ್ಯಾರ್ಥಿನಿಯೊಬ್ಬರು, ಮಸ್ಸಾಲಿಯಾವನ್ನು ನಾವೇ ನೋಡಬಹುದೇ ಎಂದು ಕೇಳಿದರು. ನೋಡಬಹುದು. ಸುಮಾರು 16 ತಿಂಗಳಿಗೊಮ್ಮೆ ಭೂಮಿ ಸೂರ್ಯನಿಗೂ ಅದಕ್ಕೂ ನಡುವೆ ಬರುತ್ತದೆ. ಅಂಥ ರಾತ್ರಿಗಳಲ್ಲಿ ಅದು ಸಂಜೆ ಮೂಡಿ ಇಡೀ ರಾತ್ರಿ ಆಕಾಶದಲ್ಲಿರುತ್ತದೆ. ಅದೇ ಹೊತ್ತಿಗೆ ಅದು ಸೂರ್ಯನಿಗೂ ಸಮೀಪವಾಗಿದ್ದರೆ ಕಾಂತಿಮಾನ 8.3ರ ಸುಮಾರಿಗೆ ಬರುತ್ತದೆ. ಬರಿಗಣ್ಣಿಗೆ ಕಾಣದಿದ್ದರೂ ಊರಿನ ದೀಪಗಳಿಂದ ದೂರ ಹೋದರೆ ಸಾಧಾರಣ ಬೈನಾಕ್ಯುಲರಿಗೆ ಸಿಗುತ್ತದೆ. ಕಕ್ಷೆಯ ಬಾಗು ಅಷ್ಟು ಕಡಿಮೆಯಾದ್ದರಿಂದ ಅದು ಯಾವಾಗಲೂ ಮೇಷದಿಂದ ಮೀನದವರೆಗಿನ ರಾಶಿಗಳ ನಡುವೆಯೇ, ಗ್ರಹಗಳು ನಡೆಯುವ ದಾರಿಯಲ್ಲೇ ಇರುತ್ತದೆ. ನಕ್ಷತ್ರಗಳಿಗೂ ಅದಕ್ಕೂ ರೂಪದಲ್ಲಿ ಏನೂ ವ್ಯತ್ಯಾಸ ಕಾಣುವುದಿಲ್ಲ. ಆ ಭಾಗದ ಚುಕ್ಕಿಗಳನ್ನೆಲ್ಲ ಕಾಗದದ ಮೇಲೆ ಗುರುತು ಹಾಕಿಕೊಳ್ಳಿ, ಮಾರನೆಯ ರಾತ್ರಿ ಅದೇ ಜಾಗಕ್ಕೆ ಹೋಗಿ ಮತ್ತೆ ಗುರುತು ಹಾಕಿ. ಜಾಗ ಬದಲಿಸಿದ ಒಂದೇ ಒಂದು ಚುಕ್ಕಿ ಇರುತ್ತದೆ. ನೇಪಲ್ಸಿನಲ್ಲೂ ಮಾರ್ಸೇಯಲ್ಲೂ 1852ರಲ್ಲಿ ಅದನ್ನು ಹಿಡಿದದ್ದು ಹಾಗೆಯೇ.